ಅವಳನ್ನೊಮ್ಮೆ ಕೇಳು

ಪ್ರೀತಿಯ ಗೆಳೆಯಾ,

ನೀನು ಕಚೇರಿಯ ಮುಖ್ಯಸ್ಥನಾದೆ ಅಂತ ಕೇಳಿ ನಿಜವಾಗಿಯೂ ಖುಷಿಯಾಯಿತು. ಆದರೆ ಮೊನ್ನೆ ಫೋನಿನಲ್ಲಿ ನೀನು ಹೇಳಿದ ಒಂದು ಮಾತು ಮನಸ್ಸಿನಿಂದ ಹೋಗುತ್ತಿಲ್ಲ. ಹೊಸ ಯೋಜನೆಯ ಜವಾಬ್ದಾರಿಗೆ ಚುರುಕಾದವಳೊಬ್ಬಳಿದ್ದಾಳೆ, ಆದರೆ ಈಗಷ್ಟೇ ಹೆರಿಗೆ ರಜೆ ಮುಗಿಸಿ ಬಂದಿದ್ದಾಳೆ, ಪಾಪ, ಬೇಡ ಬಿಡು ಅಂದೆ. ನೀನು ಕನಿಕರದಿಂದಲೇ ಹೇಳಿದ್ದು, ನನಗೆ ಗೊತ್ತು. ಅದಕ್ಕೇ ಈ ಪತ್ರ.

ನಾವಿಬ್ಬರೂ ಒಂದೇ ದಿನ ಕೆಲಸಕ್ಕೆ ಸೇರಿದವರು. ಜ್ಯೇಷ್ಠತಾ ಪಟ್ಟಿಯಲ್ಲಿ ನನ್ನ ಹೆಸರೇ ಮೇಲಿತ್ತು, ನೆನಪಿದೆಯಾ? ಆಮೇಲೆ ನಾನು ಹಿಂದೆ ಬಿದ್ದೆ. ಯಾರೂ ನನ್ನನ್ನು ಬೈಯಲಿಲ್ಲ. ಕೆಲಸ ಸರಿಯಿಲ್ಲ ಅಂತ ವರದಿ ಬರೆಯಲಿಲ್ಲ. ಮಗಳು ಚಿಕ್ಕವಳಿದ್ದಾಗ ಫೀಲ್ಡ್ ಕೆಲಸದ ದೊಡ್ಡ ಹೊಣೆಯೊಂದಕ್ಕೆ ನನ್ನ ಹೆಸರು ಬಂದಿತ್ತಂತೆ. ಮೇಲಿನವರು ನಿನ್ನ ಹಾಗೆಯೇ "ಪಾಪ, ಬೇಡ ಬಿಡಿ" ಅಂದರಂತೆ. ನನಗದು ತಿಳಿದಿದ್ದು ಆರು ವರ್ಷದ ಮೇಲೆ, "ನಿಮಗೆ ಫೀಲ್ಡ್ ಅನುಭವ ಕಡಿಮೆ" ಅಂತ ಬಡ್ತಿ ತಪ್ಪಿದಾಗ. ಮಗುವನ್ನು ನೋಡಿಕೊಳ್ಳಲು ಅಮ್ಮ ಬಂದು ಇರುವವರಿದ್ದರು ಕಣೋ. ಕೇಳಿದ್ದರೆ ಹೂಂ ಅನ್ನುತ್ತಿದ್ದೆ. ಯಾರೂ ಕೇಳಲೇ ಇಲ್ಲ.

ಕೆಳಗಿನ ಹಂತದಲ್ಲಿ ಸೇವೆಯ ವರ್ಷಗಳೇ ನಮ್ಮನ್ನು ಒಂದಷ್ಟು ಮೇಲಕ್ಕೆ ತರುತ್ತವೆ. ಆಮೇಲೆ ಯಾವ ಕೆಲಸ ನಿಭಾಯಿಸಿದ್ದೀರಿ ಅಂತ ನೋಡುತ್ತಾರೆ. ಕೊಡದ ಕೆಲಸವನ್ನು ನಿಭಾಯಿಸಿ ತೋರಿಸುವುದು ಹೇಗೆ?

ಕೊಡಗಿನ ಸಿ.ಬಿ. ಮುತ್ತಮ್ಮನವರ ವಿಷಯ ನಿನಗೆ ಗೊತ್ತಿರಬೇಕು. 1949ರಲ್ಲಿ ಭಾರತೀಯ ವಿದೇಶಾಂಗ ಸೇವೆಗೆ ಸೇರಿದ ಮೊದಲ ಮಹಿಳೆ. ಆ ಸೇವೆಯಲ್ಲಿ ಒಂದು ನಿಯಮವಿತ್ತು. ಹೆಂಗಸು ಮದುವೆಗೆ ಮೊದಲು ಸರ್ಕಾರದ ಲಿಖಿತ ಅನುಮತಿ ಪಡೆಯಬೇಕು. ಸಂಸಾರದ ಹೊಣೆ ಕೆಲಸಕ್ಕೆ ಅಡ್ಡಿಯಾಗಬಹುದು ಅಂತ ಸರ್ಕಾರಕ್ಕೆ ಅನ್ನಿಸಿದರೆ ಸಾಕು, ಮದುವೆಯಾದವಳಿಂದ ರಾಜೀನಾಮೆ ಕೇಳಬಹುದು. ಬಡ್ತಿ ಸಿಗದಿದ್ದಾಗ ಮುತ್ತಮ್ಮ ಸುಪ್ರೀಂ ಕೋರ್ಟಿಗೆ ಹೋದರು. 1979ರಲ್ಲಿ ತೀರ್ಪು ಬರುವಷ್ಟರಲ್ಲಿ ಸರ್ಕಾರವೇ ಅವರಿಗೆ ಬಡ್ತಿ ಕೊಟ್ಟಾಗಿತ್ತು. ಆದರೂ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಆ ನಿಯಮವನ್ನು ಕಟುವಾಗಿಯೇ ಟೀಕಿಸಿದರು.

ಆ ನಿಯಮ ಪುಸ್ತಕದಿಂದ ಹೋಯಿತು. ನೀನು ಮೊನ್ನೆ ಆಡಿದ್ದು ಅದೇ ಮಾತು ಅಲ್ವಾ? ಆಗ ಬರವಣಿಗೆಯಲ್ಲಿತ್ತು, ಕೋರ್ಟಿಗೆ ಹೋಗಬಹುದಿತ್ತು. ಬಾಯಿಮಾತಿನ ಮೇಲೆ ಎಲ್ಲಿ ದೂರು ಕೊಡುವುದು?

ರಜೆಯ ಕಥೆಯೂ ಇಂಥದ್ದೇ. ಕೇಂದ್ರ ಸರ್ಕಾರದ ಮಹಿಳಾ ನೌಕರರಿಗೆ ಇಡೀ ಸೇವೆಯಲ್ಲಿ 730 ದಿನ ಮಕ್ಕಳ ಆರೈಕೆ ರಜೆ ಇದೆ. ಒಂಟಿ ತಂದೆಯರಿಗೂ ಇದೆ. ಹೆಂಡತಿ ಇರುವ ಅಪ್ಪನಿಗೆ ಇಲ್ಲ. ರಜೆ ಬೇಕೇ ಬೇಕು, ಅದನ್ನು ನಾನು ಬೇಡ ಅನ್ನುತ್ತಿಲ್ಲ. ಆದರೆ ಮಗುವಿನ ಹೊಣೆ ಅಮ್ಮನದಷ್ಟೇ ಅನ್ನುವ ಭಾವನೆ ಹೀಗೆ ಗಟ್ಟಿಯಾಗುತ್ತಾ ಹೋಗುತ್ತದೆ. ಆಮೇಲೆ ಆ ರಜೆ ತೆಗೆದುಕೊಂಡವಳನ್ನೇ "ಇವಳಿಗೆ ಕೆಲಸದ ಮೇಲೆ ಮನಸ್ಸಿಲ್ಲ" ಅನ್ನುತ್ತಾರೆ. ಸಂಜೆ ಏಳಕ್ಕೆ ಕರೆಯುವ ಮೀಟಿಂಗು, ಗಂಡ ಒಂದು ಕಡೆ ಹೆಂಡತಿ ಒಂದು ಕಡೆ ಆಗುವ ವರ್ಗಾವಣೆ, ಇವೆಲ್ಲ ನೀನೂ ನೋಡಿದ್ದೀಯ.

ಹೆಸರು ಕಳಿಸಲು ಇನ್ನೂ ಸಮಯ ಇದೆ ಅಂದೆಯಲ್ಲ. ನಾಳೆ ಆ ಹುಡುಗಿಯನ್ನು ಕರೆದು ಕೂರಿಸಿ ಕೇಳು. ಕೆಲಸ ಏನು, ಓಡಾಟ ಎಷ್ಟು, ಯಾವ ಸಹಾಯ ಸಿಗುತ್ತದೆ, ಎಲ್ಲ ಬಿಡಿಸಿ ಹೇಳು. ಯೋಚಿಸಲು ಎರಡು ದಿನ ಕೊಡು. ಬೇಡ ಅನ್ನುವುದಿದ್ದರೆ ಅವಳೇ ಅನ್ನಲಿ.

ಏನಂದಳು ಅಂತ ನನಗೆ ಬರಿ.

ನಿನ್ನ ಗೆಳತಿ