ಬೋರ್ಡಿಲ್ಲದ ಬಾಗಿಲು

ನ್ಯೂಯಾರ್ಕಿನ ಎಲ್ಡ್ರಿಜ್ ಸ್ಟ್ರೀಟಿನಲ್ಲಿ ಆ ಬಾಗಿಲ ಮುಂದೆಯೇ ಎರಡು ಸಲ ನಡೆದುಹೋಗಿದ್ದೆ. ಮೂರನೇ ಸಲ ತಂಗಿಯ ಮಗ ತೋಳು ಹಿಡಿದು ನಿಲ್ಲಿಸಿದ. "ಮಾವ, ಇದೇ." ಯಾವುದೋ ಗೋಡೌನಿನದು ಅನ್ನಿಸುವಂಥ ಬಾಗಿಲು. ಸಂಖ್ಯೆ 134. ಒಳಗೊಂದು ಬಾರ್ ಇದೆ ಎಂದು ಹೇಳುವ ಬೋರ್ಡಿಲ್ಲ, ಬೆಲೆಪಟ್ಟಿ ಇಲ್ಲ.

ಅವನು ಬೆಂಗಳೂರಿನಿಂದ ಆಫೀಸ್ ಕೆಲಸಕ್ಕೆಂದು ಎರಡು ವಾರ ಬಂದಿದ್ದ. ಲಿಬರ್ಟಿ ಪ್ರತಿಮೆ ಬೇಡ, ಟೈಮ್ಸ್ ಸ್ಕ್ವೇರ್ ಬೇಡ, "ಅಟಾಬಾಯ್‌ಗೆ ಕರ್ಕೊಂಡು ಹೋಗಿ ಸಾಕು" ಅಂದ. ಉತ್ತರ ಅಮೆರಿಕದ 50 ಅತ್ಯುತ್ತಮ ಬಾರ್‌ಗಳ ಮೊದಲ ಪಟ್ಟಿ 2022ರಲ್ಲಿ ಬಂದಾಗ ಒಂದನೇ ಸ್ಥಾನ ಸಿಕ್ಕಿದ್ದು ಇದಕ್ಕೇ. ಇಷ್ಟು ವರ್ಷ ನದಿಯಾಚೆ ನ್ಯೂಜೆರ್ಸಿಯಲ್ಲೇ ಇದ್ದೂ ನನಗೆ ಹೆಸರು ಕೂಡ ಗೊತ್ತಿರಲಿಲ್ಲ.

ಕನ್ನಡ ಸಂಘದ ಸಂಪಾದಕೀಯದಲ್ಲಿ ಬಾರಿನ ಮಾತೇ ಎಂದು ಹಿರಿಯ ಸದಸ್ಯರು ಹುಬ್ಬೇರಿಸಬಹುದು. ಸ್ವಲ್ಪ ತಾಳಿ, ಈ ಕಥೆ ನಮ್ಮ ಯುಗಾದಿ ಕಾರ್ಯಕ್ರಮಕ್ಕೇ ಬಂದು ಸೇರುತ್ತದೆ.

ಬಾಗಿಲು ತಟ್ಟಿದೆವು. ಒಬ್ಬಾಕೆ ಅರ್ಧ ತೆರೆದು, ಎಷ್ಟು ಜನ ಎಂದು ಕೇಳಿ, ಫೋನ್ ನಂಬರ್ ಬರೆದುಕೊಂಡು, ಜಾಗವಾದಾಗ ಕರೆಯುತ್ತೇವೆ ಎಂದು ಮೆಲ್ಲಗೆ ಮುಚ್ಚಿಕೊಂಡಳು. ಇಲ್ಲಿ ಮುಂಗಡ ಬುಕಿಂಗ್ ಇಲ್ಲ. ಮುಕ್ಕಾಲು ಗಂಟೆ ಡಿಲಾನ್ಸಿ ಬೀದಿಯ ಆ ತುದಿ ಈ ತುದಿ ಅಳೆದೆವು. ಆ ಹೊತ್ತಿನಲ್ಲಿ ಅಳಿಯ ನನಗೆ ಪಾಠ ಹೇಳಿದ.

ಅಮೆರಿಕದಲ್ಲಿ ಪಾನನಿರೋಧ ಜಾರಿಯಲ್ಲಿದ್ದದ್ದು 1920ರ ಜನವರಿಯಿಂದ 1933ರ ಡಿಸೆಂಬರ್‌ವರೆಗೆ. ಆಗ ಕಳ್ಳತನದಲ್ಲಿ ನಡೆಯುತ್ತಿದ್ದ ಬಾರುಗಳಿಗೆ ಸ್ಪೀಕ್‌ಈಸಿ ಎಂಬ ಹೆಸರು ಅಂಟಿತು. ಮೆಲ್ಲಗೆ ಮಾತಾಡಿ ಅಂತ ಅರ್ಥ. ಕಾನೂನು ಹೋಗಿ ಎಷ್ಟೋ ವರ್ಷವಾದ ಮೇಲೆ ಅಡಗಿ ಕುಡಿಯುವ ಶೋಕಿ ಮರಳಿ ಬಂತು. ಈಸ್ಟ್ ವಿಲೇಜಿನಲ್ಲಿ 2007ರಲ್ಲಿ ಶುರುವಾದ ಪಿಡಿಟಿ ಎಂಬ ಬಾರಿಗೆ ಹಾಟ್ ಡಾಗ್ ಅಂಗಡಿಯೊಳಗಿನ ಟೆಲಿಫೋನ್ ಬೂತ್ ಹೊಕ್ಕು ಹೋಗಬೇಕು. ಪಿಡಿಟಿ ಅಂದರೆ ಪ್ಲೀಸ್ ಡೋಂಟ್ ಟೆಲ್. ಯಾರಿಗೂ ಹೇಳಬೇಡಿ ಅಂದರೆ ಊರಿಗೆಲ್ಲ ಹೇಳದೆ ಬಿಡುತ್ತಾರೆಯೇ? "ನಮ್ಮ ಬೆಂಗಳೂರಲ್ಲೂ ಬಂದಿದೆ ಮಾವ," ಅಂದ ಅಳಿಯ. ಲೀಲಾ ಪ್ಯಾಲೇಸ್ ಹೋಟೆಲಿನೊಳಗೆ ಅಡಗಿಸಿಟ್ಟಿರುವ ಝಡ್‌ಎಲ್‌ಬಿ 23ರ ಮಾತು. ಅದೂ ಏಷ್ಯಾದ ಅತ್ಯುತ್ತಮ ಬಾರ್‌ಗಳ ಪಟ್ಟಿ ಸೇರಿದೆಯಂತೆ.

ನನಗೆ ನಗು ಬಂತು. ನಾನು ಕಂಡ ಶಿವಮೊಗ್ಗದಲ್ಲಿ ಬಾರ್ ಅಂಡ್ ರೆಸ್ಟೋರೆಂಟ್ ಬೋರ್ಡು ಬಸ್‌ಸ್ಟ್ಯಾಂಡಿನಿಂದಲೇ ಕಾಣುವಷ್ಟು ದೊಡ್ಡದು. ಅಡಗುತ್ತಿದ್ದದ್ದು ಗಿರಾಕಿಗಳು. ಒಳಗೆ ಬಾಗಿಲಿಗೆ ಬೆನ್ನು ಹಾಕಿ ಕೂರುವುದು, ಬಾಟಲಿಯನ್ನು ಪೇಪರಿನಲ್ಲಿ ಸುತ್ತಿಸಿಕೊಳ್ಳುವುದು, ಮನೆಗೆ ಹೋಗುವ ಮುಂಚೆ ಬಾಯಿಗೆ ಎರಡು ಏಲಕ್ಕಿ.

ಆದರೆ 134ನೇ ನಂಬರಿನ ಬಾಗಿಲಿಗೆ ಬೋರ್ಡಿಲ್ಲದ ಕಾರಣ ಶೋಕಿಯಲ್ಲ. ಸಾಶಾ ಪೆಟ್ರಾಸ್ಕಿ ಎಂಬ ತರುಣ 1999ರ ಕೊನೆಯ ದಿನ ಇಲ್ಲಿ ಮಿಲ್ಕ್ ಅಂಡ್ ಹನಿ ಎಂಬ ಬಾರ್ ತೆರೆದ. ಮೇಲೆ, ಎದುರಿಗೆ, ಅಕ್ಕಪಕ್ಕ ಎಲ್ಲ ಸಂಸಾರಸ್ಥರ ಮನೆಗಳು. ಅವರ ನಿದ್ದೆ ಕೆಡಿಸುವುದಿಲ್ಲ ಎಂದು ಕಟ್ಟಡದ ಮಾಲೀಕರಿಗೆ ಮಾತು ಕೊಟ್ಟೇ ಜಾಗ ಹಿಡಿದಿದ್ದ. ಬೋರ್ಡ್ ಹಾಕಿದರೆ ಜನ ನುಗ್ಗುತ್ತಾರೆ, ಗಲಾಟೆಯಾಗುತ್ತದೆ, ಹಾಕಲೇ ಇಲ್ಲ. ಫೋನ್ ನಂಬರೂ ಗುಟ್ಟು. ಅವನು ಬಾರನ್ನು ಬೇರೆ ಬೀದಿಗೆ ಒಯ್ದ ಮೇಲೆ ಅವನ ಕೈಕೆಳಗೆ ಪಳಗಿದ ಸ್ಯಾಮ್ ರಾಸ್, ಮೈಕಲ್ ಮೆಕಿಲ್ರಾಯ್ ಇಬ್ಬರೂ ಇದೇ ಜಾಗದಲ್ಲಿ ಅಟಾಬಾಯ್ ಶುರುಮಾಡಿದರು. ಪೆಟ್ರಾಸ್ಕಿ 2015ರಲ್ಲಿ ತೀರಿಕೊಂಡ. ಇನ್ನೂ ನಲವತ್ತೆರಡು.

ಮೆಸೇಜ್ ಬಂತು. ಒಳಗೆ ಹೋದರೆ ಉದ್ದಕ್ಕೆ ರೈಲು ಬೋಗಿಯಂಥ ಇಕ್ಕಟ್ಟು ಕೋಣೆ, ಮಂಕು ದೀಪ. ಮೆನು ಕೇಳಿದೆ. ಇಲ್ಲ. ಈ ಬಾರಿನಲ್ಲಿ ಮೆನು ಎಂಬುದೇ ಇಲ್ಲ. ಬದಲಿಗೆ ಆ ಕಡೆ ನಿಂತ ಹುಡುಗ ಪ್ರಶ್ನೆ ಕೇಳಲು ಶುರುಮಾಡಿದ. ಯಾವ ಮದ್ಯ ನಿಮಗೆ ಒಗ್ಗುತ್ತದೆ? ಹುಳಿ ಇರಲೋ, ಖಡಕ್ ಆಗಿರಲೋ? ಊಟ ಆಗಿದೆಯೋ? ನಮ್ಮ ಕಾರ್ಯಕ್ರಮದ ಬಾಗಿಲಲ್ಲಿ ಬಂದವರನ್ನು ನಾವು ಮೊದಲು ಕೇಳುವುದು "ಮೆಂಬರಾ, ನಾನ್-ಮೆಂಬರಾ?" ಎಂದು. ಇರಲಿ, ಅದು ಬೇರೆ ಸಂಚಿಕೆಗೆ.

"ವಿಸ್ಕಿ ಸರಿ, ಸಿಹಿ ಕಮ್ಮಿ, ಗಂಟಲಿಗೆ ಶುಂಠಿ ತಾಗಬೇಕು" ಎಂಬರ್ಥದಲ್ಲಿ ಏನೋ ಹೇಳಿದೆ. ಹುಡುಗ ತಲೆ ಆಡಿಸಿ ಕೆಲಸಕ್ಕೆ ಇಳಿದ. ಸ್ಕಾಚ್ ಅರವತ್ತು ಎಂಎಲ್, ಅಂದರೆ ನಮ್ಮೂರ ಲೆಕ್ಕದಲ್ಲಿ ಒಂದು ಲಾರ್ಜ್. ಆಗಷ್ಟೇ ಹಿಂಡಿದ ನಿಂಬೆರಸ. ಜೇನು ಮತ್ತು ಶುಂಠಿರಸದ ಪಾಕ. ಎಲ್ಲವನ್ನೂ ಭುಜದೆತ್ತರಕ್ಕೆ ಎತ್ತಿ ಕುಲುಕಿ, ಗ್ಲಾಸಿನ ತುಂಬ ಒಂದೇ ತುಂಡಾಗಿ ಕೂತಿದ್ದ ಐಸಿನ ಮೇಲೆ ಸುರಿದ. ಕೊನೆಗೆ ಬೇರೊಂದು ಬಾಟಲಿಯಿಂದ, ಚಮಚೆಯಷ್ಟು ಇರಬೇಕು, ಮೇಲೆ ತೇಲಿಬಿಟ್ಟ. ಕಡ್ಡಿಗೆ ಚುಚ್ಚಿದ ಸಕ್ಕರೆ ಶುಂಠಿಯ ತುಂಡು. ಹೆಸರು ಪೆನಿಸಿಲಿನ್. ಇದೇ ಸ್ಯಾಮ್ ರಾಸ್ 2005ರಲ್ಲಿ ಮಿಲ್ಕ್ ಅಂಡ್ ಹನಿಯಲ್ಲಿ ಮಾಡಿದ್ದು, ಈಗ ಲೋಕದ ತುಂಬ ಮಾಡುತ್ತಾರೆ.

ಗ್ಲಾಸನ್ನು ಮೂಗಿನ ಹತ್ತಿರ ತಂದವನು ಅಲ್ಲೇ ನಿಂತೆ. ನಮ್ಮ ಬಚ್ಚಲುಮನೆಯ ವಾಸನೆ! ಬೆಳಗಿನ ಜಾವ ಹಂಡೆ ಒಲೆಗೆ ಹಸಿ ಕಟ್ಟಿಗೆ ತುರುಕಿದಾಗ ಏಳುವ ಹೊಗೆ, ಹಂಡೆಯ ಮಸಿ, ಒದ್ದೆ ಗೋಡೆ. ಮೇಲೆ ತೇಲಿಬಿಟ್ಟದ್ದು ಸ್ಕಾಟ್ಲೆಂಡಿನ ಐಲಾ ದ್ವೀಪದ ವಿಸ್ಕಿ. ಅಲ್ಲಿ ಜವುಗು ನೆಲದಿಂದ ಕಡಿದ ಹೆಂಟೆಗಳನ್ನು ಉರಿಸಿ ಆ ಹೊಗೆಯಲ್ಲಿ ಮೊಳಕೆ ಬಾರ್ಲಿಯನ್ನು ಒಣಗಿಸುತ್ತಾರೆ. ಹೊಗೆ ದಾಟಿದರೆ ಕೆಳಗೆ ನಿಂಬೆ, ಜೇನು, ಶುಂಠಿ, ಅಂದರೆ ಕಾಳುಮೆಣಸು ಮರೆತ ಕಷಾಯ. ಅಳಿಯನಿಗೆ ಹೇಳಿದೆ. ಅವನು ಬೆಳೆದದ್ದು ಜಯನಗರದ ಗೀಸರ್ ಮನೆಯಲ್ಲಿ. "ಹೌದಾ ಮಾವ?" ಅಂದು ಸುಮ್ಮನಾದ.

ಈಗ ಯುಗಾದಿಗೆ ಬರುತ್ತೇನೆ. ಮಿಲ್ಕ್ ಅಂಡ್ ಹನಿಗೆ ಕೆಲವು ನಿಯಮಗಳಿದ್ದವು, ಅವನ್ನು ಅಳಿಯ ಫೋನಿನಲ್ಲಿ ತೆಗೆದು ತೋರಿಸಿದ. ಗಂಡಸರು ಟೋಪಿ ತೆಗೆಯಬೇಕು, ಕೊಕ್ಕೆ ಇದೆ. ಕೂಗಾಟ ಕೂಡದು. ನಿಮ್ಮ ಮನೆಯಲ್ಲಿ ಒಬ್ಬರನ್ನೇ ಬಿಟ್ಟುಹೋಗಲು ಹಿಂಜರಿಯುವಂಥವರನ್ನು ಇಲ್ಲಿಗೆ ಕರೆತರಬೇಡಿ. ಗಂಡಸರು ತಾವಾಗಿ ಹೆಂಗಸರ ಪರಿಚಯ ಮಾಡಿಕೊಳ್ಳಲು ಹೋಗಬಾರದು. ಕೊನೆಯದನ್ನು ನಾನು ಎರಡು ಸಲ ಓದಿದೆ: ಹೊರಡುವಾಗ ಬೇಗ, ಸದ್ದಿಲ್ಲದೆ ಹೊರಡಿ, ಎದುರಿನ ಜನ ಮಲಗಿರುತ್ತಾರೆ, ಮನೆಗೆ ಹೇಗೆ ಹೋಗುವುದು ಎಂಬ ಮಾತುಕತೆ, ಬೀಳ್ಕೊಡುಗೆ ಎಲ್ಲವನ್ನೂ ಒಳಗೇ ಮುಗಿಸಿಕೊಂಡು ಬನ್ನಿ.

ಯುಗಾದಿಗೆ ನಾವು ಬಾಡಿಗೆ ಹಿಡಿದ ಶಾಲೆಯಿಂದ ಒಂದು ಪತ್ರ ಬಂದಿದೆ. ಡೊಳ್ಳಿನ ಬಗ್ಗೆ ಒಂದಕ್ಷರವಿಲ್ಲ. ಮೈಕಿನ ಬಗ್ಗೆಯೂ ಇಲ್ಲ. ದೂರು ಇರುವುದು ಪಾರ್ಕಿಂಗ್ ಜಾಗದ ಬಗ್ಗೆ. ಕಾರ್ಯಕ್ರಮ ಮುಗಿದದ್ದು ಒಂಬತ್ತೂವರೆಗೆ, ಕೊನೆಯ ಕಾರು ಹೊರಟದ್ದು ಹನ್ನೊಂದು ಕಾಲಿಗೆ. ನಡುವೆ ನಡೆದದ್ದು ನಿಮಗೆಲ್ಲ ಗೊತ್ತು. "ಬರ್ತೀವಿ" ಅಂದವರು ಕಾರಿನ ಬಾಗಿಲು ತೆರೆದು ಹಿಡಿದುಕೊಂಡೇ ಮಗನ ಕಾಲೇಜು, ಊರಿನ ಸೈಟು, ಉಳಿದ ಬಿಸಿಬೇಳೆಬಾತು ಯಾರ ಡಬ್ಬಿಗೆ ಎಂಬುದನ್ನೆಲ್ಲ ಮುಗಿಸುವವರೆಗೆ ಯಾರೂ ಕದಲಲಿಲ್ಲ. ನಾನೂ ಅಲ್ಲೇ ಇದ್ದೆ. ಎಂಜಿನ್ ಆನ್ ಮಾಡಿ ನಿಲ್ಲಿಸಿದ್ದು ನನ್ನ ಕಾರೇ.

ಗಣೇಶ ಹಬ್ಬಕ್ಕೂ ಅದೇ ಶಾಲೆ ಬೇಕು. ಅದಕ್ಕೇ ಸಮಿತಿ ಇಷ್ಟು ತೀರ್ಮಾನಿಸಿದೆ: ಒಂಬತ್ತೂವರೆಯಿಂದ ಹತ್ತರವರೆಗೆ ಹಾಲ್ ಒಳಗೇ ಮತ್ತೊಂದು ಸುತ್ತು ಕಾಫಿ. ಡಬ್ಬಿ, ಸೈಟು, ಕಾಲೇಜು ಎಲ್ಲ ಅಲ್ಲಿ. ಹೊರಗೆ ಕಾಲಿಟ್ಟ ಮೇಲೆ ಸೀದಾ ಕಾರಿಗೆ.

ಆ ರಾತ್ರಿ ಅಟಾಬಾಯ್‌ನಿಂದ ನಾವು ಹೊರಬಂದಾಗ ಹನ್ನೆರಡು ದಾಟಿತ್ತು. ಫುಟ್‌ಪಾತಿನಲ್ಲಿ ನಿಂತು, ಗ್ರ್ಯಾಂಡ್ ಸ್ಟ್ರೀಟಿಗೆ ನಡೆದು ಟ್ರೈನ್ ಹಿಡಿಯುವುದೋ ಟ್ಯಾಕ್ಸಿ ಕರೆಯುವುದೋ ಎಂದು ಮಾವ ಅಳಿಯ ಇಬ್ಬರೂ ವಾದಕ್ಕೆ ಬಿದ್ದೆವು. ಟ್ರೈನಿನಲ್ಲಿ ಎಷ್ಟು ಉಳಿಯುತ್ತದೆ ಎಂದು ನಾನು ಸ್ವಲ್ಪ ದೊಡ್ಡ ದನಿಯಲ್ಲೇ ಲೆಕ್ಕ ಹೇಳುತ್ತಿದ್ದೆ. ಎದುರು ಕಟ್ಟಡದ ಮೂರನೇ ಮಹಡಿಯಲ್ಲಿ ದೀಪ ಹತ್ತಿತು.