ಭಾನುವಾರದ ಮಾತ್ರೆಗೆ ಒಂದು ಥ್ಯಾಂಕ್ಸ್

ಎಲ್ಲರಿಗೂ ನಮಸ್ಕಾರ. ಹೊಲಿಗೆ ಮತ್ತೆ ಶುರು ಮಾಡಿದ್ದೇನೆ. ಬ್ಲೌಸ್, ಫಾಲ್, ಜಿಗ್‌ಜಾಗ್ ಎಲ್ಲವೂ. ಹೋದ ವಾರ ಒಂದು ಮದುವೆ ಸೀರೆಗೆ ಕುಚ್ಚು ಕೂಡ ಕಟ್ಟಿ ಕೊಟ್ಟೆ. ಕುಚ್ಚು ಕಟ್ಟಿದವರಿಗೆ ಗೊತ್ತು, ಅದು ಮಷಿನ್ ಕೆಲಸ ಅಲ್ಲ. ಸೆರಗಿನ ಎಳೆ ಹಿಡಿಯಬೇಕು, ರೇಷ್ಮೆ ದಾರ ಬಿಗಿಯಾಗಿ ಸುತ್ತಬೇಕು, ಮಣಿ ಪೋಣಿಸಿ ಗಂಟು ಹಾಕಬೇಕು. ಎಲ್ಲಾ ಬೆರಳ ತುದಿಯದೇ ಆಟ. ಆ ಬೆರಳೇ ಇಷ್ಟು ದಿನ ನನ್ನ ಮಾತು ಕೇಳುತ್ತಿರಲಿಲ್ಲ.

"ಯಾವಾಗ ಶುರು ಮಾಡ್ತೀರಿ ಅಕ್ಕಾ" ಅಂತ ಕೇಳುತ್ತಲೇ ಇದ್ದ ನಿಮಗೆಲ್ಲ ಮೊದಲ ಥ್ಯಾಂಕ್ಸ್. ಬ್ಲೌಸ್ ಪೀಸ್ ಬೇರೆ ಕಡೆ ಕೊಟ್ಟು, ಈಗ ತೋಳು ಬಿಚ್ಚಿ ಸರಿ ಮಾಡಿ ಅಂತ ವಾಪಸ್ ತಂದವರಿಗೂ ಥ್ಯಾಂಕ್ಸ್, ನಗುತ್ತಲೇ ಹೇಳುತ್ತಿದ್ದೇನೆ. ಅಡುಗೆಮನೆ ಪೂರ್ತಿ ವಹಿಸಿಕೊಂಡ ಅತ್ತೆ, ನನ್ನ ಜಡೆ ಹಾಕುವುದನ್ನು ಕಲಿತ ಮನೆಯವರು, ಇವರಿಗೆ ಇಲ್ಲಿ ಬರೆದು ತೀರಿಸೋಕೆ ಆಗಲ್ಲ. ನೋಡಿಕೊಂಡ ಡಾಕ್ಟರು ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕುವುದಿಲ್ಲ.

ಆದರೆ ಈ ಬರಹ ಬೇರೆಯವರಿಗೆ. ನಾನು ಯಾವತ್ತೂ ನೋಡದ, ನನ್ನನ್ನೂ ನೋಡದ ಜನರಿಗೆ. ಔಷಧಿ ದೇಹದಲ್ಲಿ ಏನು ಮಾಡುತ್ತದೆ, ಎಷ್ಟು ಕೊಡಬೇಕು, ಯಾವಾಗ ಕೊಡಬೇಕು, ಎಷ್ಟಾದರೆ ವಿಷವಾಗುತ್ತದೆ ಅಂತ ಜೀವಮಾನ ಪೂರ್ತಿ ತಲೆ ಕೆಡಿಸಿಕೊಳ್ಳುವವರಿಗೆ. ಆ ವಿದ್ಯೆಗೆ ಫಾರ್ಮಕಾಲಜಿ ಅಂತ ಹೆಸರು. ಡಾಕ್ಟರಿಗೆ ಶಾಲು ಹೊದಿಸುತ್ತೇವೆ. ಇವರಿಗೆ ಯಾರೂ ಹೊದಿಸಿದ್ದು ನಾನು ಕಂಡಿಲ್ಲ.

ನನಗಿದ್ದದ್ದು ರುಮಟಾಯ್ಡ್ ಆರ್ಥ್ರೈಟಿಸ್. ನಮ್ಮ ಕಡೆ ಕೀಲುವಾತ ಅಂತ ಎಲ್ಲದಕ್ಕೂ ಒಂದೇ ಹೆಸರು ಹೇಳಿಬಿಡುತ್ತಾರೆ. ಇದು ವಯಸ್ಸಾದ ಮೇಲೆ ಬರುವ ಮಂಡಿ ಸವೆತ ಅಲ್ಲ. ದೇಹವನ್ನು ಕಾಯಬೇಕಾದ ರೋಗನಿರೋಧಕ ಶಕ್ತಿಯೇ ಕೀಲಿನ ಒಳಪೊರೆಯ ಮೇಲೆ ತಿರುಗಿ ಬೀಳುತ್ತದೆ. ಗಂಡಸರಿಗಿಂತ ಹೆಂಗಸರಿಗೇ ಜಾಸ್ತಿ. ಎರಡೂ ಕೈಯ ಗೆಣ್ಣುಗಳು ಒಟ್ಟಿಗೇ ಊದುತ್ತವೆ. ಬೆಳಿಗ್ಗೆ ಎದ್ದರೆ ಮುಷ್ಟಿ ಕಟ್ಟೋಕೆ ಆಗಲ್ಲ, ನಲ್ಲಿ ತಿರುಗಿಸೋಕೆ ಆಗಲ್ಲ. ಹೊತ್ತೇರಿದ ಮೇಲೆ ಸ್ವಲ್ಪ ಸಡಿಲ. ಕತ್ತರಿಯ ಕಿವಿಯೊಳಗೆ ಹೆಬ್ಬೆರಳು ತೂರದೇ ಹೋದ ದಿನ ಮಷಿನ್ ಮೇಲೆ ಹಳೇ ಸೀರೆ ಮುಚ್ಚಿಬಿಟ್ಟೆ.

ಅದೇ ಹೊತ್ತಿಗೆ ಯಾರೋ ಒಬ್ಬರ ಹತ್ತಿರ ಪುಡಿ ಸಿಗುತ್ತದೆ, ಎಲ್ಲಾ ಬೇರಿನ ಔಷಧಿ, ಸೈಡ್ ಎಫೆಕ್ಟೇ ಇಲ್ಲ ಅಂತ ಮನೆಗೆ ತಂದುಕೊಟ್ಟರು. ತಂದವರ ಮನಸ್ಸು ಒಳ್ಳೆಯದೇ. ಪುಡಿ ಕೆಲಸ ಮಾಡಿದ ಸ್ಪೀಡ್ ನೋಡಿ ನಾವೆಲ್ಲ ಬೆರಗಾದೆವು. ಆಮೇಲೆ ಮುಖ ದುಂಡಗಾಯಿತು, ಬಿಪಿ ಏರಿತು, ಬಿಟ್ಟ ಕೂಡಲೇ ನೋವು ಮೊದಲಿಗಿಂತ ಜಾಸ್ತಿಯಾಯಿತು. ಡಾಕ್ಟರು ಮುಖ ನೋಡಿಯೇ "ಇದರಲ್ಲಿ ಸ್ಟಿರಾಯ್ಡ್ ಬೆರೆಸಿರಬೇಕು" ಅಂದರು. ಪೊಟ್ಟಣದ ಮೇಲೆ ಹೆಸರಿಲ್ಲ, ಅಳತೆ ಇಲ್ಲ, ಏನೂ ಇಲ್ಲ. ನನ್ನ ಸಿಟ್ಟು ಸ್ಟಿರಾಯ್ಡ್ ಮೇಲೆ ಅಲ್ಲ. ಸಣ್ಣ ಪ್ರಮಾಣದಲ್ಲಿ, ಲೆಕ್ಕ ಇಟ್ಟು, ನಿಧಾನಕ್ಕೆ ಇಳಿಸುತ್ತಾ ನಮ್ಮ ಡಾಕ್ಟರೂ ಅದನ್ನೇ ಕೊಟ್ಟರು. ಸಿಟ್ಟು ಇರುವುದು ಹೇಳದೆ ಕೊಟ್ಟಿದ್ದಕ್ಕೆ.

ಇಂಥ ಮೋಸ ಇವತ್ತಿನದಲ್ಲ. ಕಲ್ಕತ್ತಾದ ಸ್ಕೂಲ್ ಆಫ್ ಟ್ರಾಪಿಕಲ್ ಮೆಡಿಸಿನ್‌ನಲ್ಲಿ 1921ರಲ್ಲಿ ಫಾರ್ಮಕಾಲಜಿ ಪ್ರೊಫೆಸರ್ ಆದ ರಾಮ್‌ನಾಥ್ ಚೋಪ್ರಾ ಅಂತ ಒಬ್ಬರಿದ್ದರು. ಭಾರತದ ಫಾರ್ಮಕಾಲಜಿಯ ಪಿತಾಮಹ ಅನ್ನುತ್ತಾರೆ. ನಮ್ಮ ನಾಟಿ ಗಿಡಮೂಲಿಕೆಗಳನ್ನು ಪ್ರಯೋಗಾಲಯಕ್ಕೆ ತಂದು, ಯಾವುದು ನಿಜಕ್ಕೂ ಕೆಲಸ ಮಾಡುತ್ತದೆ ಅಂತ ಪರೀಕ್ಷೆ ಮಾಡಿದವರು ಅವರು. 1930-31ರಲ್ಲಿ ಅವರ ಅಧ್ಯಕ್ಷತೆಯ ಸಮಿತಿ ದೇಶದ ಔಷಧಿಗಳ ಕಲಬೆರಕೆ ಬಗ್ಗೆ ವಿಚಾರಣೆ ಮಾಡಿತು. 1940ರ ಔಷಧಿ ಕಾನೂನಿಗೆ ಅದೇ ಬುನಾದಿ. ಅಂದರೆ, ಮಾತ್ರೆಯ ಸ್ಟ್ರಿಪ್ ಮೇಲೆ ಒಳಗೆ ಏನಿದೆ ಅಂತ ಓದೋಕೆ ಸಿಗುವುದರಲ್ಲಿ ಒಬ್ಬ ಮೇಷ್ಟ್ರ ಪಾಲೂ ಇದೆ. ಅವರಿಗೆ ನನ್ನ ನಮಸ್ಕಾರ.

ಇನ್ನು ನನ್ನ ಮಾತ್ರೆಯ ಕತೆ. ಇದನ್ನೆಲ್ಲ ನನಗೆ ಹೇಳಿದ್ದು ತಂಗಿಯ ಮಗಳು, ಇಲ್ಲೇ ದಾವಣಗೆರೆಯಲ್ಲಿ ಬಿ.ಫಾರ್ಮ ಓದುತ್ತಿದ್ದಾಳೆ. ಡಾಕ್ಟರು ಬರೆದದ್ದು ಮೆಥೋಟ್ರೆಕ್ಸೇಟ್. ವಾರಕ್ಕೆ ಒಂದೇ ದಿನ. ನನಗೆ ಭಾನುವಾರ. ಬೇರೆ ದಿನಕ್ಕೆ ಫೋಲಿಕ್ ಆಸಿಡ್ ಅನ್ನುವ ವಿಟಮಿನ್. ಇಂಟರ್‌ನೆಟ್ಟಿನಲ್ಲಿ ನೋಡಿದರೆ ಕ್ಯಾನ್ಸರ್ ಔಷಧಿ ಅಂತ ಬಂತು. ನಾನು ಅತ್ತೇಬಿಟ್ಟೆ. ಅವಳು ಪಕ್ಕದಲ್ಲಿ ಕೂತು, "ದೊಡ್ಡಮ್ಮಾ, ಔಷಧಿ ಅದೇ, ಅಳತೆ ಬೇರೆ. ಕ್ಯಾನ್ಸರ್‌ಗೆ ಎಷ್ಟೋ ಪಟ್ಟು ಜಾಸ್ತಿ ಕೊಡ್ತಾರೆ. ಕೀಲಿಗೆ ವಾರಕ್ಕೆ 7.5ರಿಂದ 25 ಮಿಲಿಗ್ರಾಂ ಒಳಗೆ" ಅಂದಳು.

ಆಮೇಲೆ ಅವಳು ಹೇಳಿದ ಕತೆ ಬೊಂಬಾಯಿಯ ಬಟ್ಟೆ ಗಿರಣಿಯಿಂದ ಶುರುವಾಗುತ್ತದೆ. ನಮ್ಮ ಮಾವನವರು ಇಲ್ಲಿಯ ಕಾಟನ್ ಮಿಲ್ಲಿನಲ್ಲಿ ದುಡಿದವರು. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದ ಕಾಲ ಅದು. ಹಾಗಾಗಿ ಗಿರಣಿ ಅಂದ ಕೂಡಲೇ ನನ್ನ ಕಿವಿ ನೆಟ್ಟಗಾಯಿತು. ಲೂಸಿ ವಿಲ್ಸ್ ಅನ್ನುವ ಇಂಗ್ಲಿಷ್ ವೈದ್ಯೆ 1928ರಲ್ಲಿ ಬೊಂಬಾಯಿಗೆ ಬಂದು, ಗಿರಣಿ ಕೆಲಸದ ಬಸುರಿ ಹೆಂಗಸರಿಗೆ ಯಾಕೆ ಇಷ್ಟು ರಕ್ತಹೀನತೆ ಅಂತ ಹುಡುಕಿದರಂತೆ. ಯೀಸ್ಟಿನ ಸಾರ ಕೊಟ್ಟರೆ ವಾಸಿಯಾಗುತ್ತದೆ ಅಂತ 1931ರಲ್ಲಿ ಬರೆದರು. ಅದರೊಳಗಿದ್ದ ವಸ್ತುವೇ ಫೋಲಿಕ್ ಆಸಿಡ್ ಅಂತ ಆಮೇಲೆ ಗೊತ್ತಾಯಿತು. ಇವತ್ತು ಬಸುರಿಯರಿಗೆ ಪಿಎಚ್‌ಸಿಯಲ್ಲಿ ಕೊಡುವ ಕಬ್ಬಿಣದ ಮಾತ್ರೆಯ ಜೊತೆ ಇರುವುದೂ ಅದೇ.

ಆ ಫೋಲಿಕ್ ಆಸಿಡ್ಡನ್ನು ಪ್ರಯೋಗಾಲಯದಲ್ಲಿ ತಯಾರಿಸಿದ ತಂಡದ ಮುಖ್ಯಸ್ಥರು ನಮ್ಮ ಪಕ್ಕದ ಆಂಧ್ರದವರು, ಭೀಮಾವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್. ಮದ್ರಾಸಿನಲ್ಲಿ ವೈದ್ಯಕೀಯ ಓದಿ, 1923ರಲ್ಲಿ ಅಮೆರಿಕಕ್ಕೆ ಹೋಗಿ, ಹಾರ್ವರ್ಡ್‌ನಲ್ಲಿ ಸಂಶೋಧನೆ ಮಾಡಿ, ಆಮೇಲೆ ಲೆಡರ್ಲಿ ಕಂಪನಿಯ ಪ್ರಯೋಗಾಲಯ ಸೇರಿದವರು. ಸ್ವಂತ ಅಣ್ಣನೇ ಸ್ಪ್ರೂ ಅನ್ನುವ ಕರುಳಿನ ಕಾಯಿಲೆಯಿಂದ ತೀರಿಕೊಂಡಿದ್ದರು. ಫೋಲಿಕ್ ಆಸಿಡ್ ಆ ಕಾಯಿಲೆಗೂ ಮದ್ದಾಯಿತು. ಅದೇ ಪ್ರಯೋಗಾಲಯದಲ್ಲಿ ಫೋಲಿಕ್ ಆಸಿಡ್ಡಿಗೆ ಎದುರಾಳಿಗಳನ್ನೂ ತಯಾರಿಸಿದರು. ನೋಡೋಕೆ ಅದರ ಹಾಗೇ, ಕೆಲಸ ಮಾತ್ರ ಉಲ್ಟಾ. ನನ್ನ ಮೆಥೋಟ್ರೆಕ್ಸೇಟ್ ಕೂಡ ಅಂಥದೇ ಒಂದು ಎದುರಾಳಿ. ಬೇರೆ ಮಷಿನ್ನಿನ ಬಾಬಿನ್ ನಮ್ಮ ಮಷಿನ್ನಿಗೆ ಕೂರುತ್ತದೆ, ಆದರೆ ದಾರ ಓಡಲ್ಲ, ಅಲ್ವಾ? ಹಾಗೆ. ಅಂಥ ಒಂದು ಎದುರಾಳಿಯನ್ನು ಬಾಸ್ಟನ್ನಿನ ಸಿಡ್ನಿ ಫಾರ್ಬರ್ ರಕ್ತದ ಕ್ಯಾನ್ಸರ್ ಇದ್ದ ಮಕ್ಕಳಿಗೆ ಕೊಟ್ಟರು. 16 ಮಕ್ಕಳಲ್ಲಿ 10 ಮಕ್ಕಳು ಸ್ವಲ್ಪ ಕಾಲ ಚೇತರಿಸಿಕೊಂಡರು. ಆ ವರದಿ ಬಂದದ್ದು 1948ರಲ್ಲಿ. ಅದೇ ವರ್ಷ ಸುಬ್ಬರಾವ್ ತೀರಿಕೊಂಡರು, ವಯಸ್ಸು 53.

ಅಂದರೆ ನಾನು ವಾರದಲ್ಲಿ ನುಂಗುವ ಎರಡು ಥರದ ಮಾತ್ರೆ, ಮದ್ದು ಮತ್ತು ಆ ಮದ್ದಿನ ಕಾಟಕ್ಕೆ ಮದ್ದು, ಎರಡರ ಹಿಂದೆಯೂ ಒಬ್ಬರೇ ಮನುಷ್ಯ. ಇದನ್ನು ಕೇಳಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಮ್ಮ ಶಾಲೆಯಲ್ಲಿ ಈ ಹೆಸರು ಯಾರೂ ಹೇಳಿಕೊಟ್ಟಿರಲಿಲ್ಲ. "ಅವರು ಫಾರ್ಮಕಾಲಜಿಯವರಲ್ಲ ದೊಡ್ಡಮ್ಮಾ, ಬಯೋಕೆಮಿಸ್ಟ್ರಿಯವರು" ಅಂತ ಹುಡುಗಿ ತಿದ್ದಿದಳು. ಇರಲಿ ಬಿಡು, ನನ್ನ ಲೆಕ್ಕದಲ್ಲಿ ಎಲ್ಲರೂ ಒಂದೇ ಮನೆಯವರು.

ಕೀಲಿನ ಕಡೆಗೆ ಇದು ಬಂದದ್ದು ನಿಧಾನಕ್ಕೆ. 1951ರಲ್ಲೇ ನ್ಯೂಯಾರ್ಕಿನ ರಿಚರ್ಡ್ ಗಬ್ನರ್ ಇಂಥ ಔಷಧಿಯಿಂದ ಕೀಲುವಾತ ಇಳಿಯುತ್ತದೆ ಅಂತ ಬರೆದಿದ್ದರು. ಆಗ ಎಲ್ಲರ ಕಣ್ಣು ಹೊಸದಾಗಿ ಬಂದಿದ್ದ ಕಾರ್ಟಿಸೋನ್ ಅನ್ನುವ ಸ್ಟಿರಾಯ್ಡ್ ಮೇಲೆ. ಹಿಂದಿನ ವರ್ಷವಷ್ಟೇ ಅದಕ್ಕೆ ನೊಬೆಲ್ ಸಿಕ್ಕಿತ್ತು. ಕೊನೆಗೆ 1985ರಲ್ಲಿ ಬಾಸ್ಟನ್ನಿನ ಮೈಕಲ್ ವೈನ್‌ಬ್ಲಾಟ್ ತಂಡ ಮೆಥೋಟ್ರೆಕ್ಸೇಟನ್ನೇ 35 ರೋಗಿಗಳ ಮೇಲೆ ಸರಿಯಾದ ಪರೀಕ್ಷೆ ಮಾಡಿ ತೋರಿಸಿತು. ಅರ್ಧ ಅವಧಿ ನಿಜವಾದ ಮಾತ್ರೆ, ಅರ್ಧ ಅವಧಿ ಸುಮ್ನೆ ಮಾತ್ರೆ. ಯಾವುದು ಯಾವುದು ಅಂತ ರೋಗಿಗೂ ಗೊತ್ತಿಲ್ಲ, ಕೊಟ್ಟ ಡಾಕ್ಟರಿಗೂ ಗೊತ್ತಿಲ್ಲ. ಆ 35 ಜನರ ಬಗ್ಗೆ ನಾನು ತುಂಬಾ ಯೋಚನೆ ಮಾಡಿದ್ದೇನೆ. ಕೈ ಊದಿಕೊಂಡು ಕೂತಿರುವಾಗ, ಇದು ಖಾಲಿ ಮಾತ್ರೆ ಇರಬಹುದು ಅಂತ ಗೊತ್ತಿದ್ದೂ ನುಂಗುವುದಕ್ಕೆ ಎಷ್ಟು ತಾಳ್ಮೆ ಬೇಕು! 1988ರಲ್ಲಿ ಅಮೆರಿಕದಲ್ಲಿ ಈ ಕಾಯಿಲೆಗೆ ಒಪ್ಪಿಗೆ ಸಿಕ್ಕಿತು. ಜೊತೆಗೆ ಫೋಲಿಕ್ ಆಸಿಡ್ ಕೊಟ್ಟರೆ ತೊಂದರೆ ಕಡಿಮೆ, ಗುಣ ಕಡಿಮೆ ಆಗಲ್ಲ ಅಂತ ತೋರಿಸಿದವರು ಅಲಬಾಮಾ ವಿಶ್ವವಿದ್ಯಾಲಯದ ಸಾರಾ ಮಾರ್ಗನ್ ಮತ್ತು ಜೊತೆಗಾರರು. ಇಷ್ಟು ಕಡಿಮೆ ಅಳತೆಯಲ್ಲಿ ಇದು ಹೇಗೆ ಉರಿಯೂತ ಇಳಿಸುತ್ತದೆ ಅನ್ನುವುದಕ್ಕೆ ಅಡೆನೋಸಿನ್ ಅನ್ನುವ ವಸ್ತುವಿನ ಕಡೆ ಬೆರಳು ತೋರಿಸಿದ್ದು ನ್ಯೂಯಾರ್ಕಿನ ಬ್ರೂಸ್ ಕ್ರಾನ್‌ಸ್ಟೈನ್. ಇದು ನನಗೆ ಪೂರ್ತಿ ಅರ್ಥವಾಗಿಲ್ಲ. ಮಾತ್ರೆಗೆ ಅರ್ಥವಾಗಿದೆ, ಸಾಕು.

ಈಗ ನಮ್ಮೂರಿನ ಒಬ್ಬಳ ವಿಷಯ. ಮಾತ್ರೆ ಶುರು ಮಾಡಿದ ಮೇಲೆ ನನಗೆ ಬಾಯಿಹುಣ್ಣು ಬಂತು. ಮಂಡಕ್ಕಿ ಮೆಣಸಿನಕಾಯಿ ಇರಲಿ, ಬರೀ ಅನ್ನ ಮಜ್ಜಿಗೆಯೂ ಉರಿ. ಓಪಿಡಿಯಲ್ಲಿ ಕಾಯುತ್ತಿದ್ದಾಗ ಬಿಳಿ ಕೋಟಿನ ಹುಡುಗಿಯೊಬ್ಬಳು ಒಂದು ಫಾರಂ ಹಿಡಿದು ಬಂದಳು. ಮೆಡಿಕಲ್ ಕಾಲೇಜಿನಲ್ಲಿ ಫಾರ್ಮಕಾಲಜಿ ಪಿಜಿ ಓದುತ್ತಿದ್ದಾಳಂತೆ. ಹೆಸರು ಕೇಳಲಿಲ್ಲ, ಇನಿಷಿಯಲ್ ಸಾಕು ಅಂದಳು. ವಯಸ್ಸು, ತೂಕ, ಯಾವ ಮಾತ್ರೆ, ಯಾವತ್ತು ಶುರು, ಹುಣ್ಣು ಯಾವತ್ತು ಬಂತು, ಬೇರೆ ಏನೇನು ತಗೊಳ್ತೀರಿ, ಎಲ್ಲಾ ಕೇಳಿದಳು.

"ಸ್ಟ್ರಿಪ್ ಇದೆಯಾ ಅಮ್ಮಾ? ಬ್ಯಾಚ್ ನಂಬರ್ ಬೇಕಿತ್ತು."

ಇತ್ತು. ಆದರೆ ಮೆಡಿಕಲ್ ಶಾಪಿನಲ್ಲಿ ಬೇಕಾದಷ್ಟೇ ಕತ್ತರಿಸಿ ಕೊಟ್ಟಿದ್ದರು, ನಂಬರ್ ಇದ್ದ ತುದಿ ಅಲ್ಲೇ ಉಳಿದಿತ್ತು. ಅವಳು ಆ ತುಂಡನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದಳು. ಅಚ್ಚಿನ ಅರ್ಧ ಅಕ್ಷರ ಮಾತ್ರ ಕಂಡಿತು. "ಇನ್ನು ಮೇಲೆ ಪೂರ್ತಿ ಸ್ಟ್ರಿಪ್ಪೇ ಕೇಳಿ ತಗೊಳ್ಳಿ ಅಮ್ಮಾ" ಅಂದಳು.

"ಇದನ್ನು ಬರೆದುಕೊಂಡು ಏನು ಮಾಡ್ತೀರಮ್ಮಾ?" ಅಂತ ಕೇಳಿದೆ. 2010ರಿಂದ ದೇಶದಲ್ಲಿ ಔಷಧಿಗಳ ಅಡ್ಡ ಪರಿಣಾಮ ಗಮನಿಸುವ ಕಾರ್ಯಕ್ರಮ ಇದೆ, ಇಂಥ ಫಾರಂ ಎಲ್ಲ ಗಾಜಿಯಾಬಾದಿನ ಕೇಂದ್ರಕ್ಕೆ ಹೋಗುತ್ತವೆ, ಒಬ್ಬರದು ನೋಡಿದರೆ ಏನೂ ಗೊತ್ತಾಗಲ್ಲ, ಸಾವಿರಾರು ಸೇರಿದಾಗ ಗೊತ್ತಾಗುತ್ತದೆ ಅಂದಳು. ರೋಗಿಗಳೇ ನೇರವಾಗಿ 1800-180-3024ಕ್ಕೆ ಫೋನ್ ಮಾಡಿಯೂ ಹೇಳಬಹುದಂತೆ, ದುಡ್ಡು ಬೀಳಲ್ಲ. ಡಾಕ್ಟರು ಫೋಲಿಕ್ ಆಸಿಡ್ ಹೆಚ್ಚಿಸಿದರು, ಹುಣ್ಣು ಹೋಯಿತು. ಆ ಹುಡುಗಿ ನನ್ನಿಂದ ಏನೂ ಪಡೆಯಲಿಲ್ಲ, ನನಗೆ ಮಾತ್ರೆಯನ್ನೂ ಬರೆಯಲಿಲ್ಲ. ಬರೀ ಕೇಳಿದಳು, ಬರೆದುಕೊಂಡಳು. ಅಮ್ಮಾ, ನೀನು ಇದನ್ನು ಓದಿದರೆ ಒಂದು ಬ್ಲೌಸ್ ನನ್ನ ಕಡೆಯಿಂದ. ಬೇಡ ಅನ್ನಬೇಡ.

ಇದೇ ಮಾತ್ರೆ ತಗೊಳ್ಳುವವರು ಯಾರಾದರೂ ಇದ್ದರೆ ಒಂದು ಮಾತು. ಇದು ವಾರಕ್ಕೊಮ್ಮೆ ಮಾತ್ರ. ದಿನಾ ನುಂಗಿ ಜೀವ ಕಳೆದುಕೊಂಡವರಿದ್ದಾರೆ. ವಾರದ ಯಾವ ದಿನ ಅಂತ ಚೀಟಿಯಲ್ಲಿ ಬರೆಸಿಕೊಳ್ಳಿ. ಹೇಳಿದಾಗೆಲ್ಲ ರಕ್ತ ಪರೀಕ್ಷೆ ಮಾಡಿಸಿ, ಲಿವರ್‌ನದೂ ಸೇರಿಸಿ. ಬಸುರಿ ಆಗುವ ಯೋಚನೆ ಇದ್ದರೆ ಮೊದಲೇ ಡಾಕ್ಟರಿಗೆ ಹೇಳಿ, ಮಗುವಿಗೆ ಇದು ಅಪಾಯ. ನನಗೆ ಒಗ್ಗಿತು ಅಂತ ನಿಮಗೂ ಒಗ್ಗಲೇಬೇಕು ಅಂತಿಲ್ಲ, ನನ್ನ ಚೀಟಿ ತೋರಿಸಿ ಅಂಗಡಿಯಲ್ಲಿ ಕೇಳಬೇಡಿ.

ದೀಪಾವಳಿ ಆರ್ಡರ್ ತಗೊಳ್ಳುತ್ತಿದ್ದೇನೆ. ಮೊದಲಿನಷ್ಟು ಆಗಲ್ಲ, ಕುಚ್ಚಿಗೆ ಬೇಗ ಹೇಳಿ. ಸೋಮವಾರ ಮಾತ್ರ ಅಳತೆ ಕೊಡೋಕೆ ಬರಬೇಡಿ. ಭಾನುವಾರ ರಾತ್ರಿ ಮಾತ್ರೆ ಆಗಿರುತ್ತದೆ, ಮರುದಿನ ಸ್ವಲ್ಪ ಹೊಟ್ಟೆ ತೊಳೆಸುತ್ತದೆ, ಮುಖ ಗಂಟು ಹಾಕಿಕೊಂಡು ಕೂತಿರುತ್ತೇನೆ. ಮಂಗಳವಾರ ಬನ್ನಿ.