ಸರ್ಕಾರಿ ಆಸ್ಪತ್ರೆಗೆ ಹೋಗುವ ಸದಸ್ಯರ ಗಮನಕ್ಕೆ

ಮಾನ್ಯ ಸದಸ್ಯರೇ,

ತುರ್ತು ಸ್ಥಿತಿಯಲ್ಲಿರುವ ರೋಗಿಗೆ ಸರ್ಕಾರಿ ಆಸ್ಪತ್ರೆಯು ಸಕಾಲದಲ್ಲಿ ಚಿಕಿತ್ಸೆ ನೀಡದಿರುವುದು ಜೀವಿಸುವ ಹಕ್ಕನ್ನು ಕಾಯುವ ಸಂವಿಧಾನದ 21ನೇ ವಿಧಿಯ ಉಲ್ಲಂಘನೆಯೆಂದು ಸುಪ್ರೀಂ ಕೋರ್ಟ್ 1996ರಲ್ಲೇ ತೀರ್ಪು ನೀಡಿದೆ. ರೈಲಿನಿಂದ ಬಿದ್ದು ತಲೆಗೆ ಪೆಟ್ಟಾಗಿದ್ದ ಪಶ್ಚಿಮ ಬಂಗಾಳದ ಕಾರ್ಮಿಕರೊಬ್ಬರನ್ನು ಒಂದರ ಹಿಂದೊಂದು ಸರ್ಕಾರಿ ಆಸ್ಪತ್ರೆಗಳು, ಹಾಸಿಗೆ ಇಲ್ಲವೆಂಬಂಥ ಕಾರಣ ಕೊಟ್ಟು, ದಾಖಲಿಸಿಕೊಳ್ಳದೆ ಹೋದ ಪ್ರಕರಣವದು. ಆದ್ದರಿಂದ ನಿಮ್ಮವರನ್ನು ಬೇರೆಡೆಗೆ ಕಳುಹಿಸಿದಲ್ಲಿ, ಕಾರಣ, ಸಮಯ ಮತ್ತು ಕೊಟ್ಟ ಪ್ರಥಮ ಚಿಕಿತ್ಸೆಯ ವಿವರಗಳನ್ನು ಚೀಟಿಯಲ್ಲೇ ಬರೆಸಿಕೊಳ್ಳತಕ್ಕದ್ದು.

ಚಿಕಿತ್ಸಾ ದಾಖಲೆಗಳನ್ನು ಕೇಳಿದ 72 ಗಂಟೆಗಳೊಳಗೆ ವೈದ್ಯರು ಒದಗಿಸಬೇಕೆಂದು ವೈದ್ಯಕೀಯ ಪರಿಷತ್ತಿನ 2002ರ ನಿಯಮಾವಳಿ ಹೇಳುತ್ತದೆ. ಬಾಯಿಮಾತಿನ ಕೋರಿಕೆ ಕೌಂಟರಿನಲ್ಲೇ ಕಳೆದುಹೋಗುವುದುಂಟು. ಅರ್ಜಿ ಬರೆದು, ಅದರ ಪ್ರತಿಗೆ ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ.

ರೋಗಿಯ ಹಳೆಯ ಕಾಯಿಲೆ, ಸೇವಿಸುತ್ತಿರುವ ಔಷಧಿಗಳನ್ನು ಮುಚ್ಚಿಡದೆ ತಿಳಿಸುವುದು ನಮ್ಮ ಹೊಣೆ. ವಿಳಂಬ ಎಷ್ಟೇ ಸಿಟ್ಟು ತರಿಸಿದರೂ ಸಿಬ್ಬಂದಿಯ ಮೇಲೆ ಕೈ ಮಾಡಿದರೆ, 2009ರ ರಾಜ್ಯ ಕಾಯ್ದೆಯಡಿ ಜೈಲು ಶಿಕ್ಷೆಗೆ ಅವಕಾಶವಿದೆ.